ಚೊಗರಿನ ಬಣ್ಣ, ಬೂಸ್ಟು ಹಿಡಿಯದ ಬೀರು, ಜೋನಿಬೆಲ್ಲದ ಕೇಕ್: ಮಲೆನಾಡಿನ ಮನೆಗೆ ಮೂರು ಕೈಕೆಲಸ

ಕಳೆದ ವರ್ಷ ಆರಿದ್ರಾ ಮಳೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಬೀರು ತೆಗೆದು ರೇಷ್ಮೆ ಸೀರೆ ಎಳೆದರೆ ಮಡಿಕೆ ಉದ್ದಕ್ಕೂ ರವೆ ಚೆಲ್ಲಿದ ಹಾಗೆ ಬೂಸ್ಟು. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಆ ಬೀರನ್ನು ನಾನು ಏಪ್ರಿಲ್‌ನಲ್ಲಷ್ಟೇ ವಿಡಿಯೊ ನೋಡಿ ಜೋಡಿಸಿದ್ದೆ. ಪ್ರತಿ ಸೀರೆಗೂ ಒಂದು ಪ್ಲಾಸ್ಟಿಕ್ ಕವರ್, ಕೆಳಗೆ ಚೆಂದದ ಬೆತ್ತದ ಬುಟ್ಟಿ, ಎಲ್ಲ ಪೇಟೆ ಮನೆ ಥರ. ಬುಟ್ಟಿಗೂ ಬೂಸ್ಟು ಬಂದಿತ್ತು.

ಆ ವಿಡಿಯೊದಲ್ಲಿ ತಪ್ಪೇನೂ ಇರಲಿಲ್ಲ. ಅದು ಒಣಗಿದ ಊರಿನ ಮನೆಗೆ ಮಾಡಿದ್ದು, ಅಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯೇ ಒದ್ದೆ. ಇಲ್ಲಿ ಬಟ್ಟೆ, ಡಬ್ಬ, ತಿಂಡಿ ಯಾವುದನ್ನು ಮಾಡಹೊರಟರೂ ಮೊದಲು ಕೇಳಬೇಕಾದ್ದು "ಇದು ಪುಷ್ಯ ಮಳೆ ತಡೆಯುತ್ತಾ?" ಅಂತ. ಈ ಮೂರು ಕೆಲಸಗಳನ್ನು ಆ ಲೆಕ್ಕದಲ್ಲೇ ಆರಿಸಿದ್ದೇನೆ. ಮೊದಲ ಎರಡನ್ನು ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ 25ರೊಳಗೆ ಮುಗಿಸಿ. ತೀರಾ ತಡವಾದರೆ ಮೃಗಶಿರಾ ಹಿಡಿಯುವ ಜೂನ್ 8ರವರೆಗೆ ನೋಡಬಹುದು. ಕೇಕ್ ಮಾತ್ರ ಯಾವಾಗ ಬೇಕಾದರೂ ಸರಿ, ಮಳೆ ಹೊಯ್ಯುವಾಗಲೇ ರುಚಿ.

ಹಳೇ ಸೀರೆಗೆ ಚೊಗರಿನ ಬಣ್ಣ

ಅಡಿಕೆ ಬೇಯಿಸಿದ ಮನೆಯವರಿಗೆ ಚೊಗರಿನ, ಅಂದರೆ ಅಡಿಕೆ ಬೆಂದ ಒಗರು ನೀರಿನ ಬಗ್ಗೆ ಹೇಳಿಕೊಡಬೇಕಿಲ್ಲ. ಕೊಯ್ಲಿನ ಹೊತ್ತಲ್ಲಿ ಒಂದು ಹನಿ ಬಟ್ಟೆಗೆ ಬಿದ್ದರೆ ಆ ಕಲೆ ಬಟ್ಟೆ ಹರಿಯುವವರೆಗೂ ಇರುತ್ತದೆ. ಯಾವ ಸೋಪಿಗೂ ಹೋಗದ ಕಲೆ ಅಂದಮೇಲೆ ಅದು ಒಳ್ಳೇ ಬಣ್ಣ ತಾನೇ? ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿರುವ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. ಮನೆಯಲ್ಲಿ ಅಷ್ಟು ಹದವಾಗಿ ಬರುವುದಿಲ್ಲ. ಆದರೆ ಹಳದಿ ತಿರುಗಿದ ಬಿಳಿ ಸೀರೆ, ಸಾಂಬಾರು ಚೆಲ್ಲಿದ ದುಪಟ್ಟಾ ಇಂಥವಕ್ಕೆ ಧಾರಾಳ ಸಾಕು.

ಬಟ್ಟೆ ಕಾಟನ್ನೇ ಆಗಿರಬೇಕು. ಗೊತ್ತಾಗದಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದದ ಹಾಗೆ ಉರಿದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದಕ್ಕೆ ಚೊಗರು ಹತ್ತುವುದಿಲ್ಲ, ಸುಮ್ನೆ ಕಷ್ಟಪಡಬೇಡಿ. ನಾನು ಲೆಕ್ಕ ಹೇಳುವುದು 150 ಗ್ರಾಂ ಬಟ್ಟೆಗೆ. ಕಾಟನ್ ಸೀರೆಯ ಮೂರನೇ ಒಂದು ಭಾಗ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ.

ಹಿಂದಿನ ದಿನ ಬಟ್ಟೆಯನ್ನು ಒಂದು ದೊಡ್ಡ ಚಮಚ ವಾಷಿಂಗ್ ಸೋಡ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ. ಗಂಜಿ, ಎಣ್ಣೆ, ಹಳೇ ಸೋಪು ಎಲ್ಲ ಬಿಟ್ಟುಕೊಳ್ಳುತ್ತದೆ. ನೀರು ಕಂದಾಗುವುದು ನೋಡಿ ಹೆದರಬೇಡಿ. ಈ ಹಂತ ಬಿಟ್ಟರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ.

ಮಾರನೇ ದಿನ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ 5 ಲೀಟರ್ ನೀರಿಗೆ ಅರ್ಧ ಲೀಟರ್ ಗಟ್ಟಿ ಚೊಗರು ಬೆರೆಸಿ. ಕೆಲವರು ಅಡಿಕೆ ಕೆಂಪಾಗಲಿ ಎಂದು ಚೊಗರಿಗೆ ಬೇರೆ ಬಣ್ಣ ಸೇರಿಸಿರುತ್ತಾರೆ. ಕೇಳಿಕೊಂಡು, ಏನೂ ಬೆರೆಸದ್ದನ್ನೇ ತನ್ನಿ. ಬಟ್ಟೆಯಲ್ಲಿ ಸೋಸಿ ಹಾಕಿದರೆ ಚರಟದ ಚುಕ್ಕೆ ಕೂರುವುದಿಲ್ಲ. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಬಿಡಿಸಿ ಮುಳುಗಿಸಿ. ಸಣ್ಣ ಉರಿಯಲ್ಲಿ ಒಂದು ಗಂಟೆ, ಕುದಿ ಬರಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಐದೈದು ನಿಮಿಷಕ್ಕೆ ವಾಟೆ (ಸಣ್ಣ ಬಿದಿರು) ಕೋಲಿನಲ್ಲಿ ತಿರುವುತ್ತಿರಿ. ಒಲೆ ಆರಿಸಿ ರಾತ್ರಿಯಿಡೀ ಅದರಲ್ಲೇ ಬಿಡಿ.

ಈಗ ನನ್ನ ಕತೆ. ಮೊದಲ ಸಲ ದೊಡ್ಡ ಸ್ಟೀಲ್ ಪಾತ್ರೆ ಸಿಗಲಿಲ್ಲ ಎಂದು ಬಚ್ಚಲ ಒಲೆ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಶುರು ಮಾಡಿದೆ. ಹತ್ತು ನಿಮಿಷಕ್ಕೆ ನೀರು ಕಪ್ಪಾಯಿತು. ಬಟ್ಟೆ ಎತ್ತಿ ನೋಡಿದರೆ ಇಟ್ಟಿಗೆ ಬಣ್ಣ ಎಲ್ಲಿ, ಮಳೆಗಾಲದ ಮೋಡ ಇದ್ದ ಹಾಗಿದೆ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, "ಚೊಗರನ್ನ ಕಬ್ಬಿಣಕ್ಕೆ ಹಾಕ್ತಾರೇನೇ? ಅಡಿಕೆ ಕೊಯ್ದ ಕತ್ತಿ ಯಾವ ಬಣ್ಣ ಇರತ್ತೆ ನೋಡಿಲ್ವಾ?" ಎಂದರು. ನೋಡಿದ್ದೆ, ತಲೆಗೆ ಹೋಗಿರಲಿಲ್ಲ. ಚೊಗರಿನಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಮಜಾ ಅಂದರೆ ಆ ಬೂದು ದುಪಟ್ಟಾವೇ ಈಗ ನನಗೆ ಎಲ್ಲಕ್ಕಿಂತ ಇಷ್ಟ.

ಹಾಗಾಗಿ ಒಂದೇ ಚೊಗರಿನಿಂದ ಮೂರು ಬಣ್ಣ ತೆಗೆಯಬಹುದು. ರಾತ್ರಿ ನೆನೆದ ಬಟ್ಟೆಯನ್ನು ಹಿಂಡಿ, ಒಂದು ಸಲ ತಣ್ಣೀರಿನಲ್ಲಿ ಅದ್ದಿ ತೆಗೆದು, ಕೆಳಗಿನವುಗಳಲ್ಲಿ ಯಾವುದಾದರೂ ಒಂದಕ್ಕೆ ಹಾಕಿ.

ತಿಳಿ ಕಂದು ಬೇಕಿದ್ದರೆ ಪಟಿಕ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿ ಕಲ್ಲು, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆಯ ತೂಕದ ಶೇಕಡಾ 15ರಷ್ಟು, ಅಂದರೆ ನಮ್ಮ ಲೆಕ್ಕಕ್ಕೆ 22 ಗ್ರಾಂ ಸಾಕು. ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಮುಳುಗುವಷ್ಟು ಉಗುರು ಬೆಚ್ಚಗಿನ ನೀರು ಸೇರಿಸಿ, ಒಂದು ಗಂಟೆ ಬಿಡಿ. ಬಣ್ಣ ಗಟ್ಟಿಯಾಗಿ ನಿಲ್ಲಲು ಇದೇ ಒಳ್ಳೇ ದಾರಿ.

ಕೆಂಪು ಬೇಕಿದ್ದರೆ ಸುಣ್ಣ. ಕವಳ ಹಾಕಿದಾಗ ಬಾಯಿ ಕೆಂಪಾಗುತ್ತದಲ್ಲ, ಅಡಿಕೆ ಮತ್ತು ಸುಣ್ಣ ಸೇರಿ ಮಾಡುವ ಅದೇ ಕೆಲಸ ಇಲ್ಲೂ ಆಗುತ್ತದೆ. ಕವಳದ ಸುಣ್ಣ ಒಂದು ಸಣ್ಣ ಚಮಚವನ್ನು 5 ಲೀಟರ್ ನೀರಿಗೆ ಕದಡಿ, ತಳ ನಿಂತ ಮೇಲೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಅದರಲ್ಲಿ ಐದು ನಿಮಿಷ ಅದ್ದಿ, ಮೂರ್ನಾಲ್ಕು ನೀರಿನಲ್ಲಿ ಜಾಲಿಸಿ. ಜಾಸ್ತಿ ಹೊತ್ತು ಬಿಟ್ಟರೆ ಬಟ್ಟೆ ಒರಟಾಗುತ್ತದೆ. ಕೈಗೆ ಗ್ಲೌಸ್ ಇರಲಿ.

ಬೂದು ಬೇಕಿದ್ದರೆ ತುಕ್ಕಿನ ನೀರು. ಒಂದು ಹಿಡಿ ತುಕ್ಕು ಹಿಡಿದ ಮೊಳೆ, ಅಚ್ಚು ಬೆಲ್ಲದ ಒಂದು ತುಂಡು, ಒಂದು ಲೀಟರ್ ನೀರು. ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ವಾರ ಮೂಲೆಯಲ್ಲಿಡಿ. ಕಲಂಕಾರಿಯವರು ಕಪ್ಪು ಮಾಡುವುದೂ ಬೆಲ್ಲ, ಕಬ್ಬಿಣ ಕೊಳೆಸಿಯೇ. ವಾಸನೆ ಬರುತ್ತದೆ, ಅಡುಗೆಮನೆಯಲ್ಲಿ ಇಡಬೇಡಿ. ಇದರಲ್ಲಿ ಒಂದು ಲೋಟವನ್ನು ಅರ್ಧ ಬಕೆಟ್ ನೀರಿಗೆ ಹಾಕಿ, ಬಟ್ಟೆ ಅದ್ದಿ, ಕಣ್ಣೆದುರೇ ಬಣ್ಣ ತಿರುಗುವುದನ್ನು ನೋಡುತ್ತಾ ಬೇಕಾದಾಗ ತೆಗೆಯಿರಿ. ಕಬ್ಬಿಣ ಅತಿಯಾದರೆ ನೂಲು ಬೇಗ ಸಾಯುತ್ತದೆ, ಹತ್ತು ನಿಮಿಷದ ಮೇಲೆ ಬೇಡ.

ಯಾವ ಬಣ್ಣವಾದರೂ ನೆರಳಲ್ಲಿ ಒಣಗಿಸಿ. ಮೊದಲ ಎರಡು ಮೂರು ಒಗೆತ ಬೇರೆಯಾಗಿಯೇ ಆಗಲಿ. ಬಣ್ಣ ಕಾಯಿಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. ಇನ್ನೊಂದು ಮಾತು: ಸಿಮೆಂಟ್ ನೆಲದ ಮೇಲೆ ಹಿಂಡಿದರೆ ನೆಲಕ್ಕೂ ಬಣ್ಣ ಹತ್ತುತ್ತದೆ. ನಮ್ಮ ಅಂಗಳದ ಮೂಲೆಯಲ್ಲಿ ಅದರ ಗುರುತು ಇನ್ನೂ ಇದೆ.

ಅದೇ ಬಟ್ಟೆಯಿಂದ ತೂಗುಜೇಬು

ದುಪಟ್ಟಾ ಆದರೆ ಹಾಗೇ ಹೊದೆಯಬಹುದು. ಸೀರೆಯ ತುಂಡಾದರೆ ಗೋಡೆಗೆ ತೂಗುಹಾಕುವ ಜೇಬು ಹೊಲಿಯಿರಿ. ಪ್ಲಾಸ್ಟಿಕ್‌ನದ್ದು ಪೇಟೆಯಲ್ಲಿ ಸಿಗುತ್ತದೆ, ಆದರೆ ಅದರೊಳಗೆ ಗಾಳಿಯಾಡುವುದಿಲ್ಲ. ಕಾಟನ್‌ನದ್ದು ಒದ್ದೆಯಾದರೂ ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಒಣಗುತ್ತದೆ.

45 ಇಂಚು ಅಗಲದ ಸೀರೆಯಲ್ಲಿ ಒಂದೂಮುಕ್ಕಾಲು ಮೀಟರ್ ಸಾಕು. 19 ಇಂಚು ಅಗಲ, 37 ಇಂಚು ಉದ್ದದ ಎರಡು ತುಂಡು ಕತ್ತರಿಸಿ, ಇದು ಬೆನ್ನು. 25 ಇಂಚು ಉದ್ದ, 10 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಇವು ಜೇಬು. ಬೆನ್ನಿನ ಎರಡು ತುಂಡನ್ನು ಒಳಮೈ ಹೊರಗಾಗಿ ಒಂದರ ಮೇಲೊಂದಿಟ್ಟು ಮೂರು ಬದಿ ಹೊಲಿದು ಮಗುಚಿ. ಸೀರೆ ತೀರಾ ತೆಳುವಾಗಿದ್ದರೆ ನಡುವೆ ಹಳೇ ಪಂಚೆಯ ಒಂದು ಪದರ ಕೊಟ್ಟು, ಕೌದಿ ಹೊಲಿಗೆಯ ಹಾಗೆ ಉದ್ದುದ್ದ ಓಡುಹೊಲಿಗೆ ಹಾಕಿ. ಆಗ ಜೋತುಬೀಳುವುದಿಲ್ಲ.

ಪಟ್ಟಿಗಳ ಮೇಲಂಚು ಮೊದಲು ಮಡಿಸಿ ಹೊಲಿಯಬೇಕು. ಆಮೇಲೆ ಹೊಲಿಯಲು ಹೊರಟರೆ ಮಶೀನಿನ ಕೆಳಗೆ ಜೇಬು ಹೋಗುವುದೇ ಇಲ್ಲ, ಅನುಭವದ ಮಾತು. ಆಮೇಲೆ ಕೆಳಗಂಚು ಮತ್ತು ಎರಡು ತುದಿಯನ್ನು ಅರ್ಧರ್ಧ ಇಂಚು ಒಳಗೆ ಮಡಿಸಿ ಇಸ್ತ್ರಿ ಒತ್ತಿ. ಈಗ 24 ಇಂಚು ಉಳಿಯುತ್ತದೆ. ಬೆನ್ನಿನ 18 ಇಂಚಿನ ಅಗಲದಲ್ಲಿ ಮೂರು ಜೇಬು ಬರಬೇಕು, ಅಂದರೆ ಪ್ರತಿ ಜೇಬಿಗೆ ಬೆನ್ನಿನಲ್ಲಿ 6 ಇಂಚು, ಪಟ್ಟಿಯಲ್ಲಿ 8 ಇಂಚು. ಉಳಿದ 2 ಇಂಚನ್ನು ಜೇಬಿನ ಎರಡೂ ಬದಿ ಅರ್ಧ ಇಂಚು ಆಳದ ನೆರಿಗೆ ಮಾಡಿ ಕೂರಿಸಿ. ಈ ನೆರಿಗೆ ಇಲ್ಲದಿದ್ದರೆ ಜೇಬು ಗೋಡೆಗೆ ಅಂಟಿಕೊಂಡು ಒಂದು ಕರವಸ್ತ್ರವೂ ಹಿಡಿಸುವುದಿಲ್ಲ. ಪಟ್ಟಿಯ ಕೆಳಗಂಚು, ಎರಡು ತುದಿ, ಆಮೇಲೆ ಜೇಬಿನ ನಡುವಿನ ಗೆರೆ ಹೊಲಿಯಿರಿ. ಬಾಯಿಯ ಮೂಲೆಗಳಲ್ಲಿ ಎರಡೆರಡು ಸಲ ಹೋಗಿ ಬನ್ನಿ, ಮೊದಲು ಹರಿಯುವುದು ಅಲ್ಲೇ. ಕೊನೆಗೆ ಬೆನ್ನಿನ ಬಿಟ್ಟ ಬಾಯಿಯನ್ನು ಒಂದೂವರೆ ಇಂಚು ಹಿಂದಕ್ಕೆ ಮಡಿಸಿ ಹೊಲಿದು, ಅದರಲ್ಲಿ ವಾಟೆ ಕೋಲು ತೂರಿಸಿ ಹುರಿ ಕಟ್ಟಿ.

ಹೊರಗೋಡೆಗೆ ಮಾತ್ರ ನೇತುಹಾಕಬೇಡಿ. ಒಳಗೋಡೆಯೋ ಬಾಗಿಲ ಹಿಂಬದಿಯೋ ಆಗಬೇಕು. ನಮ್ಮನೆಯದ್ದು ಜಗಲಿಯಿಂದ ಒಳಗೆ ಬರುವ ಬಾಗಿಲ ಹಿಂದಿದೆ. ಮೇಲಿನ ಸಾಲಿನಲ್ಲಿ ಟಾರ್ಚು, ಬೆಂಕಿಪೊಟ್ಟಣ, ಕರೆಂಟ್ ಬಿಲ್ಲು. ಕೆಳಗಿನದರಲ್ಲಿ ಉಂಬಳಕ್ಕೆ (ಜಿಗಣೆಗೆ) ಹಾಕುವ ಉಪ್ಪಿನ ಡಬ್ಬಿ, ತೋಟಕ್ಕೆ ಹೋಗುವವರ ಕಾಲುಚೀಲ. ಕರೆಂಟು ಹೋದ ಕೂಡಲೇ "ಟಾರ್ಚೆಲ್ಲಿ" ಎಂದು ಕೂಗುವುದು ನಿಂತಿದೆ.

ಬೀರು: ಮೊದಲು ಗಾಳಿ, ಆಮೇಲೆ ಚೆಂದ

ಮೇ ತಿಂಗಳ ಒಂದು ಖಡಕ್ ಬಿಸಿಲಿನ ದಿನ ಬೀರನ್ನು ಪೂರ್ತಿ ಖಾಲಿ ಮಾಡಿ. ಬಟ್ಟೆಯೆಲ್ಲ ಬಿಸಿಲಿಗೆ, ರೇಷ್ಮೆ ಮಾತ್ರ ಜಗಲಿಯ ನೆರಳಿಗೆ. ಖಾಲಿ ಬೀರನ್ನು ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದು ದಿನವಿಡೀ ಬಿಡಿ. ಹಳೇ ಬೂಸ್ಟಿನ ಬೀಜ ಮೂಲೆಯಲ್ಲಿ ಉಳಿದರೆ ಜುಲೈನಲ್ಲಿ ಮತ್ತೆ ಅಲ್ಲಿಂದಲೇ ಶುರು.

ಮಳೆಗಾಳಿ ಬರುವುದು ನೈಋತ್ಯದಿಂದ. ಹಾಗಾಗಿ ಮನೆಯ ಪಡುವಣ ಮತ್ತು ತೆಂಕಣ ಗೋಡೆ ಮೊದಲು ಒದ್ದೆಯಾಗುತ್ತವೆ. ಬೀರು ಆ ಗೋಡೆಗೆ ಆತುಕೊಂಡಿದ್ದರೆ ಜಾಗ ಬದಲಿಸಿ. ಆಗದಿದ್ದರೆ ಗೋಡೆಯಿಂದ 3 ಇಂಚು ಮುಂದೆ ಎಳೆದು, ಕಾಲಿನ ಕೆಳಗೆ ಮರದ ತುಂಡು ಕೊಡಿ. ಇದೊಂದನ್ನೇ ಮಾಡಿದರೂ ಅರ್ಧ ಗೆದ್ದಂತೆ.

ಜೋಡಿಸುವಾಗ ತಳದ ಖಾನೆಗೆ ಸ್ಟೀಲ್ ಪಾತ್ರೆ, ಕೊಡೆ, ಚೀಲ. ರೇಷ್ಮೆ ನಡುವಿನ ಖಾನೆಗೆ, ಒಂದೊಂದನ್ನೂ ಹಳೇ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಅದು ತೇವವನ್ನು ಹೊರಗಿಡುವುದಿಲ್ಲ, ಒಳಗೆ ಕೂಡಿಹಾಕುತ್ತದೆ. ಖಾನೆಯಲ್ಲಿ ಕಾಲು ಭಾಗ ಖಾಲಿ ಇರಲಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿ ಆರುವವರೆಗೆ ಹೊರಗೆ ಹರವಿ, ಆಮೇಲೆ ಒಳಗಿಡಿ. ಬಿಸಿಯಲ್ಲೇ ಇಟ್ಟರೆ ಅದರ ಹಬೆಯೇ ತೇವವಾಗಿ ಕೂರುತ್ತದೆ.

ತೇವ ಹೀರಲು ಏನಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಡಾಂಬರ್ ಗುಳಿಗೆ ಹುಳಕ್ಕೆ ಸರಿ, ತೇವಕ್ಕೆ ಏನೂ ಮಾಡುವುದಿಲ್ಲ. ಅದನ್ನು ಜರಿಗೆ ತಾಗಿಸಲೂ ಬಾರದು. ಚಪ್ಪಲಿ ಡಬ್ಬದಲ್ಲಿ ಸಿಗುವ ಸಣ್ಣ ಸಿಲಿಕಾ ಪೊಟ್ಟಣ ಒಡವೆ ಡಬ್ಬಿಗೆ ಸಾಕು, ಬೀರಿಗೆ ಲೆಕ್ಕಕ್ಕಿಲ್ಲ. ಕಲ್ಲುಪ್ಪು ಪರವಾಗಿಲ್ಲ. ಗಾಳಿಯಲ್ಲಿ ತೇವ ಶೇಕಡಾ 75 ದಾಟಿದರೆ ಉಪ್ಪು ನೀರೆಳೆದು ತಾನೇ ಕರಗಲು ಶುರು ಮಾಡುತ್ತದೆ. ಒಂದು ಆಳದ ಪಿಂಗಾಣಿ ಬಟ್ಟಲಲ್ಲಿ ತಳದ ಖಾನೆಯಲ್ಲಿಟ್ಟು, ನೀರು ನಿಂತರೆ ಚೆಲ್ಲಿ ಬದಲಿಸಿ. ಸ್ಟೀಲಿನಲ್ಲಿ ಇಟ್ಟರೆ ಪಾತ್ರೆ ತೂತಾಗುತ್ತದೆ. ಇದಕ್ಕಿಂತ ಜೋರು ಬೇಕಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ, ಕೆಳಗೆ ನೀರು ಶೇಖರವಾಗುವ ನೇತುಚೀಲಗಳು ಅಂಗಡಿಯಲ್ಲಿ ಸಿಗುತ್ತವೆ. ಏನೇ ಇಟ್ಟರೂ ಬೀರಿನ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಆ ಬಡಪಾಯಿ ಉಪ್ಪು ಇಡೀ ಮಲೆನಾಡಿನ ಗಾಳಿ ಒಣಗಿಸಲು ಹೊರಟಂತೆ.

ಮಳೆ ನಡುವೆ ಒಂದು ದಿನ ಬಿಸಿಲು ಕಂಡರೆ ಬೇರೆ ಕೆಲಸ ಬಿಟ್ಟು ಬೀರಿನ ಬಾಗಿಲು ತೆರೆಯಿರಿ.

ಅಡಿಕೆ ಹಾಳೆಯ ತಟ್ಟೆ, ಬುಟ್ಟಿಗಳನ್ನು ಖಾನೆಯೊಳಗೆ ಜೋಡಿಸುವ ಆಸೆ ನನಗೂ ಇತ್ತು. ನೆನೆಸಿ, ಮೂಲೆ ಮಡಚಿ, ಹಿಡಿಕಡ್ಡಿ ಚುಚ್ಚಿದರೆ ಐದು ನಿಮಿಷದಲ್ಲಿ ಪುಕ್ಕಟೆ ಬುಟ್ಟಿ. ಡಿಸೆಂಬರ್‌ನಿಂದ ಮೇವರೆಗೆ ಚೆಂದ. ಆಮೇಲೆ ಒಲೆಗೆ.

ಜೋನಿಬೆಲ್ಲದ ಬಾಳೆಹಣ್ಣು ಕೇಕ್, ಓವನ್ ಇಲ್ಲದೆ

ಆಲೆಮನೆಯಿಂದ ತಂದ ಜೋನಿಬೆಲ್ಲ, ಅಂದರೆ ನೀರುಬೆಲ್ಲ, ದೋಸೆಗೆ, ತೊಡೆದೇವಿಗೆ ಎಂದು ಡಬ್ಬದಲ್ಲಿ ಇದ್ದೇ ಇರುತ್ತದೆ. ಗೊನೆ ಹಣ್ಣಾದರೆ ಪುಟ್ಟಬಾಳೆ ಒಟ್ಟಿಗೇ ಕಪ್ಪಾಗಿ ಕೂರುತ್ತದೆ. ಎರಡಕ್ಕೂ ಇದು ದಾರಿ. ಮೊಟ್ಟೆ ಬೇಡ.

ಬೇಕಾದ್ದು: ಸಿಪ್ಪೆ ಕಪ್ಪು ತಿರುಗಿದ ಪುಟ್ಟಬಾಳೆ ಐದಾರು (ಕಿವುಚಿದರೆ ಒಂದು ಕಪ್), ಜೋನಿಬೆಲ್ಲ ಅರ್ಧ ಕಪ್, ಎಣ್ಣೆ ಮೂರನೇ ಒಂದು ಕಪ್, ಹುಳಿ ಮೊಸರು ಕಾಲು ಕಪ್, ಗೋಧಿ ಹಿಟ್ಟು ಒಂದೂವರೆ ಕಪ್, ಬೇಕಿಂಗ್ ಪೌಡರ್ ಒಂದು ಚಮಚ, ಅಡುಗೆ ಸೋಡ ಅರ್ಧ ಚಮಚ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಕಪ್ ಅಂದರೆ 240 ಮಿಲಿಲೀಟರ್, ಚಮಚ ಅಂದರೆ ಟೀ ಚಮಚ.

1. ದಪ್ಪ ತಳದ, ಮುಚ್ಚಳ ಸರಿಯಾಗಿ ಕೂರುವ ದೊಡ್ಡ ಪಾತ್ರೆ ತೆಗೆದುಕೊಳ್ಳಿ. ಕುಕ್ಕರ್ ಬಳಸುವುದಾದರೆ ಹಳೆಯದ್ದು. ನೀರಿಲ್ಲದೆ ಕಾಯಿಸಿದರೆ ಒಳ್ಳೇ ಕುಕ್ಕರ್ ಹಾಳಾಗುತ್ತದೆ. ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿಡಿ. ನಾನು ಒಮ್ಮೆ ಗ್ಯಾಸ್ಕೆಟ್ ಮರೆತೆ, ಮನೆ ತುಂಬ ಟೈರ್ ಸುಟ್ಟ ವಾಸನೆ.

2. ತಳಕ್ಕೆ ತೊಳೆದು ಒಣಗಿಸಿದ ಮರಳು ಒಂದು ಇಂಚು ಹರವಿ. ಉಪ್ಪು ಹಾಕಿ ಎನ್ನುತ್ತಾರೆ, ಆದರೆ ಅಲ್ಯುಮಿನಿಯಂ ತಳವನ್ನು ಉಪ್ಪು ತಿನ್ನುತ್ತದೆ. ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹದ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ.

3. ಬಾಳೆಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿ, 7 ಇಂಚಿನ ಡಬ್ಬದ ಒಳಗೆ ಹಾಸಿ ಎಣ್ಣೆ ಸವರಿ. ಬೆಣ್ಣೆ ಕಾಗದ ಹುಡುಕಿಕೊಂಡು ಹೋಗಬೇಕಿಲ್ಲ, ಪರಿಮಳವೂ ಜಾಸ್ತಿ.

4. ಹಣ್ಣು, ಬೆಲ್ಲ, ಎಣ್ಣೆ, ಮೊಸರು ಚೆನ್ನಾಗಿ ಕಲಸಿ. ಹಿಟ್ಟು, ಸೋಡ, ಪೌಡರ್, ಉಪ್ಪು, ಏಲಕ್ಕಿ ಪುಡಿಯನ್ನು ಒಟ್ಟಿಗೆ ಜರಡಿ ಹಿಡಿದು ಅದಕ್ಕೆ ಸೇರಿಸಿ. ಒಣ ಹಿಟ್ಟು ಕಾಣದಂತಾದರೆ ಕೈ ನಿಲ್ಲಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೇಕ್ ರಬ್ಬರಾಗುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ತೀರಾ ಗಟ್ಟಿಯಾದರೆ ಒಂದೆರಡು ಚಮಚ ಹಾಲು.

5. ಕಲಸಿದ ಕೂಡಲೇ ಡಬ್ಬಕ್ಕೆ ಸುರಿದು ಒಳಗಿಡಿ. ಮೊಸರಿನ ಹುಳಿಗೂ ಬೆಲ್ಲಕ್ಕೂ ಸೋಡ ಆಗಲೇ ಉಬ್ಬಲು ಶುರು ಮಾಡಿರುತ್ತದೆ, ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದರೆ ಆ ಉಬ್ಬು ಹೋಗಿರುತ್ತದೆ.

6. ಉರಿ ಪೂರ್ತಿ ಸಣ್ಣ. 45 ನಿಮಿಷದವರೆಗೆ ಮುಚ್ಚಳ ತೆಗೆಯಬೇಡಿ. ಆಮೇಲೆ ನಡುವೆ ಹಿಡಿಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಇನ್ನೂ ಐದ್ಹತ್ತು ನಿಮಿಷ. ಜೋನಿಬೆಲ್ಲ ಬೇಗ ಸೀಯುತ್ತದೆ, ಅವಸರಕ್ಕೆ ಉರಿ ಏರಿಸಿದರೆ ತಳ ಕರಿ, ನಡು ಹಸಿ.

ಕೇಕಿನ ಮೇಲ್ಮೈ ಓವನ್‌ನಲ್ಲಿ ಆಗುವಷ್ಟು ಕೆಂಪಾಗುವುದಿಲ್ಲ, ಮೇಲಿನಿಂದ ಶಾಖ ಕಡಿಮೆ. ಸೌದೆ ಒಲೆಯವರಿಗೆ ಇದಕ್ಕೆ ಉಪಾಯವಿದೆ. ಕೊನೆಯ ಹತ್ತು ನಿಮಿಷ ಚಪ್ಪಟೆ ಮುಚ್ಚಳದ ಮೇಲೆ ನಾಲ್ಕು ಕೆಂಡ ಇಡಿ. ಕುಕ್ಕರ್ ಮುಚ್ಚಳದ ಮೇಲೆ ಬೇಡ, ಸಾದಾ ಪಾತ್ರೆಗೆ ಮಾತ್ರ.

ಪೂರ್ತಿ ಆರಿದ ಮೇಲೆ ಕತ್ತರಿಸಿ, ಬಿಸಿಯಲ್ಲಿ ಪುಡಿಯಾಗುತ್ತದೆ. ಬೇಸಿಗೆಯಲ್ಲಿ ಮೂರು ದಿನ ಹೊರಗಿಡಬಹುದು. ಮಳೆಗಾಲದಲ್ಲಿ ಎರಡನೇ ದಿನವೇ ಫ್ರಿಜ್ಜಿಗೆ. ಅಲ್ಲಿ ಗಟ್ಟಿಯಾದರೆ ತೆಳ್ಳಗೆ ಕೊಯ್ದು, ದೋಸೆ ಕಾವಲಿ ಮೇಲೆ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಬಿಸಿ ಮಾಡಿ. ಈ ಕೆಲಸಕ್ಕೆ ಕಬ್ಬಿಣದ ಕಾವಲಿಯೇ ಆಗಬೇಕು, ಅತ್ತೆಯನ್ನೂ ಕೇಳಿದ್ದೇನೆ.